ಗ್ಯಾಸು ಕೆಳಗೆ ಇಳಿಯುತ್ತದೆ

(ಬೆಂಗಳೂರಿನ ನಿವಾಸಿಗಳ ಸಂಘವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಪೇಪರಿನಲ್ಲಿ ‘ಸಿಲಿಂಡರ್ ಸ್ಫೋಟ’ ಎಂಬ ತಲೆಬರಹವನ್ನು ನೀವೆಲ್ಲ ಓದಿರುತ್ತೀರಿ. ಮುಂದಿನ ಸಲ ಓದುವಾಗ ಜೊತೆಗಿರುವ ಫೋಟೊವನ್ನೂ ಸರಿಯಾಗಿ ನೋಡಿ. ಗೋಡೆ ಬಿದ್ದಿರುತ್ತದೆ. ಬಾಗಿಲು ಹಾರಿ ರಸ್ತೆಯಲ್ಲಿ ಬಿದ್ದಿರುತ್ತದೆ. ಕಿಟಕಿಯ ಗ್ರಿಲ್ ಹೊರಗೆ ಬಾಗಿರುತ್ತದೆ. ಸಿಲಿಂಡರ್ ಮಾತ್ರ ಎಷ್ಟೋ ಸಲ ಮೂಲೆಯಲ್ಲಿ ಇಡಿಯಾಗೇ ನಿಂತಿರುತ್ತದೆ. ಮೈಮೇಲೆ ಮಸಿ ಹಿಡಿದಿರುತ್ತದೆ, ಅಷ್ಟೇ. ಅಂದರೆ ಸಿಡಿದದ್ದು ಕೋಣೆ. ಸಿಲಿಂಡರಿನಿಂದ ಹೊರಬಂದ ಗ್ಯಾಸು ಕೋಣೆಯ ಗಾಳಿಯ ಜೊತೆ ಸೇರಿಕೊಂಡು, ಯಾರೋ ಒಂದು ಸ್ವಿಚ್ ಹಾಕುವ ತನಕ ಕಾದಿತ್ತು.

ಸಿಲಿಂಡರ್ ಒಡೆಯುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಸುತ್ತ ಬೆಂಕಿ ಹತ್ತಿ, ಒಳಗಿನ ದ್ರವ ಕುದಿದು, ಉಕ್ಕು ಕಾದು ಮೆತ್ತಗಾದರೆ ಅದೂ ಒಡೆಯುತ್ತದೆ. ಆದರೆ ಅದು ಎರಡನೆಯ ಅಂಕ. ಮನೆಗಳಲ್ಲಿ ಆಗುವ ಅನಾಹುತದ ಮೊದಲ ಅಂಕ ಹೆಚ್ಚಾಗಿ ಸದ್ದಿಲ್ಲದ ಸೋರಿಕೆ. ಗ್ಯಾಸ್ ಏಜೆನ್ಸಿಯೊಂದರ ಪರವಾಗಿ ಮನೆಮನೆ ತಪಾಸಣೆಗೆ ಹೋಗುವ ಕೆಲಸ ಮಾಡಿದವನು ನಾನು. ಜನ ಸಿಲಿಂಡರ್ ಕಂಡರೆ ಹೆದರುತ್ತಾರೆ. ಕಿಟಕಿ ಮುಚ್ಚಲು ಹೆದರುವುದಿಲ್ಲ. ಹೆದರಿಕೆ ಇರಬೇಕಾದದ್ದು ಎಲ್ಲಿ ಅಂತ ಹೇಳುವುದಕ್ಕೇ ಇವತ್ತು ಬಂದಿದ್ದೇನೆ.

ಮೊದಲು ಸಿಲಿಂಡರಿನ ಒಳಗೆ ಏನಿದೆ ನೋಡೋಣ. ನಮ್ಮ ಮನೆಯ ಕೆಂಪು ಸಿಲಿಂಡರಿನಲ್ಲಿ 14.2 ಕೆಜಿ ಗ್ಯಾಸ್ ಇರುತ್ತದೆ. ಪ್ರೊಪೇನ್ ಮತ್ತು ಬ್ಯೂಟೇನ್ ಎಂಬ ಎರಡು ಅನಿಲಗಳ ಮಿಶ್ರಣ ಅದು. ಒತ್ತಿ ತುಂಬಿರುವುದರಿಂದ ಒಳಗೆ ನೀರಿನಂತೆ ದ್ರವವಾಗಿರುತ್ತದೆ. ಅಲ್ಲಾಡಿಸಿದರೆ ಕುಲುಕಾಡುವುದು ಅದೇ. ಅದರಲ್ಲಿ ಒಂದು ಲೀಟರ್ ಹೊರಗೆ ಬಂದರೆ ಸುಮಾರು 250 ಲೀಟರ್ ಅನಿಲ ಆಗುತ್ತದೆ. ಈ ಅನಿಲಕ್ಕೆ ತನ್ನದೇ ವಾಸನೆ ಇಲ್ಲ. ನಮ್ಮ ಮೂಗಿಗೆ ಬಡಿಯುವ ಆ ಕೊಳೆತ ವಾಸನೆ ಮರ್ಕ್ಯಾಪ್ಟನ್ ಎಂಬ ರಾಸಾಯನಿಕದ್ದು. ಸೋರಿದರೆ ಗೊತ್ತಾಗಲಿ ಅಂತ ಬೇಕೆಂದೇ ಸೇರಿಸುತ್ತಾರೆ.

ಎಲ್ಲಕ್ಕಿಂತ ಮುಖ್ಯವಾದ ಗುಣ ಇನ್ನೊಂದಿದೆ. ಇದು ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಹೊಗೆ ಮೇಲಕ್ಕೆ ಹೋಗುತ್ತದೆ, ಆವಿ ಮೇಲಕ್ಕೆ ಹೋಗುತ್ತದೆ, ಹಾಗಾಗಿ ಗ್ಯಾಸೂ ಮೇಲಕ್ಕೇ ಹೋಗುತ್ತದೆ ಅಂತ ನಮ್ಮ ಅಂದಾಜು. ತಪ್ಪು. ಇದು ಕೆಳಗೆ ಇಳಿಯುತ್ತದೆ. ನೆಲದ ಮೇಲೆ ಬಿಂದಿಗೆ ನೀರು ಚೆಲ್ಲಿದರೆ ಅದು ಎಲ್ಲಿಗೆ ಹರಿಯುತ್ತದೆ ಅಂತ ಯೋಚಿಸಿ. ಗ್ಯಾಸಿನ ದಾರಿಯೂ ಹೆಚ್ಚುಕಡಿಮೆ ಅದೇ. ಹೊಸ್ತಿಲು ದಾಟಿ ಹಾಲಿಗೆ ಬರುತ್ತದೆ. ನೀರು ಹೋಗುವ ತೂತಿನಲ್ಲಿ ಇಳಿಯುತ್ತದೆ. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಯುಟಿಲಿಟಿ, ಅಂದರೆ ಪಾತ್ರೆ ಬಟ್ಟೆ ತೊಳೆಯುವ ಜಾಗದ ಪಕ್ಕದಲ್ಲೇ ನೀರಿನ ಸಂಪು ಇರುತ್ತದೆ, ಅದರ ಮುಚ್ಚಳ ಸರಿಯಾಗಿ ಕೂತಿರುವುದಿಲ್ಲ. ಅಲ್ಲಿ ಇಳಿದರೆ ಗ್ಯಾಸು ದಿನಗಟ್ಟಲೆ ಅಲ್ಲೇ ಇರುತ್ತದೆ. ಕಿಟಕಿ ತೆಗೆದ ಮಾತ್ರಕ್ಕೆ ಅಲ್ಲಿಂದ ಹೊರಗೆ ಬರುವುದಿಲ್ಲ.

ಒಂದು ಸಣ್ಣ ಲೆಕ್ಕ ಹಾಕೋಣ. ಲೆಕ್ಕ ಅಂದ ಕೂಡಲೇ ಹಿಂದಿನ ಸಾಲಿನವರು ಮೊಬೈಲ್ ತೆಗೆದಿರಿ, ಪರವಾಗಿಲ್ಲ, ಎರಡೇ ನಿಮಿಷ. ಗಾಳಿಯಲ್ಲಿ ನೂರಕ್ಕೆ ಸುಮಾರು 2 ಭಾಗ ಗ್ಯಾಸ್ ಸೇರಿದರೆ ಅದು ಹೊತ್ತಿಕೊಳ್ಳುತ್ತದೆ. 9 ಭಾಗ ದಾಟಿದರೆ ಗಾಳಿ ಸಾಲದೆ ಹೊತ್ತಿಕೊಳ್ಳುವುದಿಲ್ಲ. ನಿಮ್ಮ ಅಡುಗೆಮನೆ 8 ಅಡಿ ಅಗಲ, 10 ಅಡಿ ಉದ್ದ, 9 ಅಡಿ ಎತ್ತರ ಅಂತ ಇಟ್ಟುಕೊಳ್ಳಿ. ಇಡೀ ಕೋಣೆಯನ್ನು ಆ 2 ಭಾಗಕ್ಕೆ ತರಲು ಒಂದು ಕೆಜಿಗಿಂತ ಕಡಿಮೆ ಗ್ಯಾಸ್ ಸಾಕು. ಆದರೆ ಗ್ಯಾಸು ಕೋಣೆಯಿಡೀ ಸಮನಾಗಿ ಹರಡುವುದಿಲ್ಲ, ನೆಲದಲ್ಲೇ ನಿಲ್ಲುತ್ತದೆ ಅಂತ ಈಗಷ್ಟೇ ಹೇಳಿದೆನಲ್ಲ? ನೆಲದಿಂದ ಒಂದಡಿ ಎತ್ತರಕ್ಕೆ ಮಾತ್ರ ಲೆಕ್ಕ ಹಾಕಿದರೆ ಬೇಕಾಗುವುದು ಬರೀ 100 ಗ್ರಾಂ. ಉರಿ ಆರಿ, ನಾಬ್ ತೆರೆದೇ ಉಳಿದ ಒಂದು ದೊಡ್ಡ ಬರ್ನರ್‌ನಿಂದ ಇಷ್ಟು ಬರಲು ಮುಕ್ಕಾಲು ಗಂಟೆ ಸಾಕು. ಸಿಲಿಂಡರಿನ ಬಾಯಿಂದಲೇ ಸೋರಿದರೆ ಅಷ್ಟೂ ಬೇಡ.

ಉರಿ ಆರುವುದು ಹೇಗೆ? ಹಾಲು ಉಕ್ಕಿ. ಹಾಲಿಟ್ಟು ಫೋನಿನಲ್ಲಿ ಮಾತಾಡುತ್ತಾ ಬಾಲ್ಕನಿಗೆ ಹೋಗುತ್ತೇವೆ. ಹಾಲು ಉಕ್ಕಿ ಬರ್ನರ್ ಆರುತ್ತದೆ. ವಾಪಸ್ ಬಂದವರು ಕಟ್ಟೆ ಒರೆಸುತ್ತಾರೆ, ‘ಅಯ್ಯೋ ಹಾಲು ಹೋಯ್ತು’ ಅನ್ನುತ್ತಾರೆ, ಮತ್ತೆ ಲೈಟರ್ ಒತ್ತುತ್ತಾರೆ. ಮೊದಲು ನಾಬ್ ತಿರುಗಿಸಿ ಮುಚ್ಚಬೇಕು. ಕಿಟಕಿ ತೆಗೆದು ಐದು ನಿಮಿಷ ಬಿಡಬೇಕು. ಕಟ್ಟೆ ಒರೆಸುವುದು ಆಮೇಲೆ. ಉರಿ ಆರಿದರೆ ತಾನಾಗೇ ಗ್ಯಾಸ್ ನಿಲ್ಲಿಸುವ ಸ್ಟೌಗಳು ಈಗ ಬಂದಿವೆ. ಹೊಸದು ಕೊಳ್ಳುವವರು ಮೇಲಿನ ಗಾಜಿನ ಬಣ್ಣ ನೋಡುವ ಬದಲು ಇದಿದೆಯಾ ಅಂತ ಕೇಳಿ. ಮನೆಯಲ್ಲಿ ಮರೆವು ಶುರುವಾದ ಹಿರಿಯರು ಒಬ್ಬರೇ ಇರುತ್ತಾರೆ ಅಂದರೆ ಇಂಥದ್ದೇ ಬೇಕು.

ಈ ‘ಕೆಳಗೆ ಇಳಿಯುವುದು’ ಎಷ್ಟು ಭಯಂಕರ ಅಂತ ನಮ್ಮ ರಾಜ್ಯ ನೋಡಿದೆ. 2013ರ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಗ್ಯಾಸ್ ಟ್ಯಾಂಕರ್ ಉರುಳಿತು. ಬೆಂಕಿ ರಸ್ತೆಯಲ್ಲೇ ನಿಲ್ಲಲಿಲ್ಲ, ಪಕ್ಕದ ಮನೆಗಳವರೆಗೆ ಹೋಯಿತು. ಮನೆಯಲ್ಲಿ ತಮ್ಮ ಪಾಡಿಗೆ ತಾವಿದ್ದವರು ಸತ್ತರು. ಅದು ಟ್ಯಾಂಕರ್, ನಮ್ಮದು ಸಣ್ಣ ಸಿಲಿಂಡರ್ ಅನ್ನಬಹುದು. ಹಾಗಾದರೆ 2024ರ ಡಿಸೆಂಬರ್‌ನಲ್ಲಿ ಹುಬ್ಬಳ್ಳಿಯ ಉಣಕಲ್‌ನಲ್ಲಿ ಆದದ್ದನ್ನು ನೆನೆಸಿಕೊಳ್ಳಿ. ಅಯ್ಯಪ್ಪ ಮಾಲಾಧಾರಿಗಳು ರಾತ್ರಿ ಮಲಗಿದ್ದರು. ಅದೇ ಕೋಣೆಯಲ್ಲಿ ಗ್ಯಾಸ್ ಸೋರಿ ಬೆಂಕಿ ಹತ್ತಿತು. ಒಂಬತ್ತು ಮಂದಿ ಸುಟ್ಟುಕೊಂಡರು, ಹೆಚ್ಚಿನವರು ಉಳಿಯಲಿಲ್ಲ. ನೆಲದ ಮೇಲೆ ಮಲಗಿದವರು ಗ್ಯಾಸು ನಿಲ್ಲುವ ಎತ್ತರದಲ್ಲೇ ಇರುತ್ತಾರೆ. ದೇವರ ಸನ್ನಿಧಿ ಅಂದಮೇಲೆ ದೀಪ ಇರುತ್ತದೆ. ಮಾಲೆ ಹಾಕಿದವರ ಬಿಡಾರ, ಜಾತ್ರೆಯ ಡೇರೆ, ಮದುವೆ ಛತ್ರದ ಅಡುಗೆ ಕೋಣೆ, ಎಲ್ಲ ಕಡೆಯೂ ಒಂದೇ ಮಾತು: ಸಿಲಿಂಡರ್ ಇರುವ ಕೋಣೆಯಲ್ಲಿ ಯಾರೂ ಮಲಗಬಾರದು. ಭಟ್ಟರಿಗೂ, ಅಡುಗೆಯ ಹುಡುಗರಿಗೂ ಇದು ಸೇರಿದ್ದೇ. ಅವರಿಗೆ ಮಲಗಲು ಬೇರೆ ಜಾಗ ಕೊಡಿ.

ಈಗ ಸಿಲಿಂಡರ್ ಎಲ್ಲಿಡಬೇಕು ಅನ್ನುವ ವಿಚಾರ. ನೆಲದ ಮೇಲೆ, ನೆಟ್ಟಗೆ, ಸ್ಟೌಗಿಂತ ಕೆಳಗೆ, ಗಾಳಿ ಆಡುವ ಕಡೆ. ಇಷ್ಟೇ ಸೂತ್ರ. ಆದರೆ ನಮ್ಮ ಹೊಸ ಮನೆಗಳಲ್ಲಿ ಇದನ್ನು ಕೆಡಿಸಿದ್ದು ಮಾಡ್ಯುಲರ್ ಕಿಚನ್. ಕಟ್ಟೆಯ ಕೆಳಗೆ ಸಿಲಿಂಡರಿಗೆ ಅಂತ ಒಂದು ಗೂಡು, ಅದಕ್ಕೆ ಹೊಳೆಯುವ ಬಾಗಿಲು. ನೋಡಲು ಚೆಂದ. ಗ್ಯಾಸಿಗೆ ಮಾತ್ರ ಅದು ಪೆಟ್ಟಿಗೆ. ವಾಷರ್ ಸವೆದು ಸ್ವಲ್ಪ ಸ್ವಲ್ಪವೇ ಸೋರಿದರೂ ಅಲ್ಲೇ ತುಂಬಿಕೊಳ್ಳುತ್ತದೆ, ವಾಸನೆಯೂ ಹೊರಗೆ ಬರುವುದಿಲ್ಲ. ಬಾಗಿಲು ಬೇಕೇ ಬೇಕು ಅಂದರೆ ಕೆಳಗೆ, ನೆಲಕ್ಕೆ ತಾಗಿದ ಹಾಗೆ, ಜಾಲರಿ ಬಿಡಿಸಿ. ಮೇಲೂ ಒಂದಿರಲಿ. ಕಾರ್ಪೆಂಟರ್ ಮೇಲೆ ಮಾತ್ರ ತೂತು ಕೊರೆದು ‘ಆಯ್ತು ಮೇಡಂ’ ಅಂತಾನೆ, ಒಪ್ಪಬೇಡಿ. ಕೆಲವರು ಸಿಲಿಂಡರ್ ಹೊರಗಿಟ್ಟು ಗೋಡೆ ಕೊರೆದು ಪೈಪು ಒಳಗೆ ತರುತ್ತಾರೆ. ಯೋಚನೆ ಒಳ್ಳೆಯದೇ. ಆದರೆ ರಬ್ಬರ್ ಪೈಪನ್ನು ಗೋಡೆಯೊಳಗೆ ಹಾಯಿಸಬಾರದು. ಒಳಗೆ ಬಿರುಕು ಬಿಟ್ಟರೆ ಕಾಣುವುದಿಲ್ಲ. ಏಜೆನ್ಸಿಯ ಮೆಕ್ಯಾನಿಕ್ ಕೈಯಿಂದ ಲೋಹದ ಕೊಳವೆ ಹಾಕಿಸಿ.

ಎರಡನೆಯ ಸಿಲಿಂಡರ್ ಎಲ್ಲಿದೆ ಅಂತ ಕೇಳಿದರೆ ಬೆಂಗಳೂರಿನ ಸ್ವಂತ ಮನೆಗಳಲ್ಲಿ ಬರುವ ಉತ್ತರ ಒಂದೇ: ‘ಮೆಟ್ಟಿಲ ಕೆಳಗೆ.’ ಮೆಟ್ಟಿಲ ಕೆಳಗೆ ಇನ್ನೇನಿದೆ? ಯುಪಿಎಸ್ ಮತ್ತು ಅದರ ಬ್ಯಾಟರಿ. ನಗಬೇಡಿ, ನಿಮ್ಮಲ್ಲಿ ಅರ್ಧ ಜನರ ಮನೆಯಲ್ಲಿ ಹೀಗೇ ಇದೆ ಅಂತ ನಿಮ್ಮ ಮುಖ ಹೇಳುತ್ತಿದೆ. ಕರೆಂಟ್ ಹೋದಾಗಲೆಲ್ಲ ‘ಟಕ್’ ಅನ್ನುವ ಯಂತ್ರದ ಪಕ್ಕ ಗ್ಯಾಸ್ ಇಡುವುದು ಯಾವ ನ್ಯಾಯ? ತುಂಬಿದ ಸಿಲಿಂಡರಿಗೂ ಖಾಲಿ ಸಿಲಿಂಡರಿಗೂ ಸೇಫ್ಟಿ ಕ್ಯಾಪ್ ಹಾಕಿಡಿ. ಖಾಲಿ ಅನ್ನುವುದರಲ್ಲೂ ಒಂದಷ್ಟು ಗ್ಯಾಸ್ ಉಳಿದಿರುತ್ತದೆ. ಕ್ಯಾಪನ್ನು ನೈಲಾನ್ ದಾರದಿಂದ ಸಿಲಿಂಡರಿಗೇ ಕಟ್ಟಿರುವುದು ಯಾಕೆ ಅಂದರೆ, ಅದು ಕೈಗೆ ಸಿಗಬೇಕು ಅಂತ. ತುಂಬ ಜನ ಆ ದಾರವನ್ನು ಕತ್ತರಿಸಿ ಬಿಸಾಕುತ್ತಾರೆ. ನೆಲಮಾಳಿಗೆಯಲ್ಲಿ, ಅಂದರೆ ಅಪಾರ್ಟ್‌ಮೆಂಟಿನ ಕೆಳಗಿನ ಪಾರ್ಕಿಂಗಿನಲ್ಲಿ, ಸಿಲಿಂಡರ್ ಇಡಲೇಬಾರದು. ಅಲ್ಲಿಂದ ಕೆಳಗೆ ಹೋಗಲು ಗ್ಯಾಸಿಗೆ ಜಾಗವೇ ಇಲ್ಲ. ಗಣೇಶನ ಹಬ್ಬಕ್ಕೆ ನಿಮ್ಮ ಸಂಘದವರು ಅಡುಗೆ ಮಾಡಿಸುವುದೂ ಅಲ್ಲೇ ಅಂತ ಕೇಳಿದೆ. ದಯವಿಟ್ಟು ಮೇಲೆ, ಬಯಲಿಗೆ ಬನ್ನಿ. ಲೈಸೆನ್ಸ್ ಇಲ್ಲದೆ ಒಂದು ಕಡೆ 100 ಕೆಜಿಗಿಂತ ಜಾಸ್ತಿ ಗ್ಯಾಸ್ ಇಡುವಂತಿಲ್ಲ ಅನ್ನುವುದೂ ಗೊತ್ತಿರಲಿ. ಅಡುಗೆಯವರು ತರುವ 19 ಕೆಜಿಯ ಸಿಲಿಂಡರ್ ಆರು ಸೇರಿದರೆ ಅಷ್ಟನ್ನು ದಾಟಿತು.

ಸಿಲಿಂಡರ್ ಮನೆಗೆ ಬಂದಾಗ ಎರಡು ನಿಮಿಷ ತಗೊಳ್ಳಿ. ತಂದ ಹುಡುಗನಿಗೂ ಅವಸರ, ನಿಮಗೂ ಅವಸರ, ಗೊತ್ತು. ಸೀಲ್ ಸರಿಯಿದೆಯಾ ನೋಡಿ. ತೂಕ ಹಾಕು ಅನ್ನುವ ಹಕ್ಕು ನಿಮಗಿದೆ. ಖಾಲಿ ಸಿಲಿಂಡರಿನ ತೂಕ ಅದರ ಮೈಮೇಲೇ ಬರೆದಿರುತ್ತದೆ, ಅದಕ್ಕೆ 14.2 ಸೇರಿಸಿ. ಆಮೇಲೆ ಕ್ಯಾಪ್ ತೆಗೆಸಿ, ಬಾಯಿಗೆ ನಾಲ್ಕು ಹನಿ ನೀರು ಬಿಡಿ. ಗುಳ್ಳೆ ಎದ್ದರೆ ವಾಪಸ್ ಕಳಿಸಿ. ಒಳಗಿನ ಕಪ್ಪು ರಬ್ಬರ್ ಉಂಗುರ ಜಾಗದಲ್ಲಿದೆಯಾ ನೋಡಿ. ಅದು ಹರಿದಿದ್ದರೆ ಆ ಹುಡುಗನ ಹತ್ತಿರವೇ ಹೊಸದಿರುತ್ತದೆ.

ಹಿಡಿಕೆಯ ಕೆಳಗಿನ ಮೂರು ಪಟ್ಟಿಗಳಲ್ಲಿ ಒಂದರ ಒಳಬದಿಯಲ್ಲಿ ಒಂದು ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ಎರಡು ಅಂಕಿ ಬರೆದಿರುತ್ತಾರೆ. ಇದನ್ನು ‘ಎಕ್ಸ್‌ಪೈರಿ ಡೇಟ್’ ಅಂತ ವಾಟ್ಸ್‌ಆ್ಯಪಿನಲ್ಲಿ ಹೆದರಿಸುತ್ತಾರೆ. ಅದು ಗ್ಯಾಸು ಹಳಸುವ ದಿನ ಅಲ್ಲ. ಆ ಸಿಲಿಂಡರನ್ನು ಮತ್ತೆ ಒತ್ತಡ ಪರೀಕ್ಷೆಗೆ ಕಳಿಸಬೇಕಾದ ಗಡುವು. ‘ಎ’ ಅಂದರೆ ಜನವರಿಯಿಂದ ಮಾರ್ಚ್, ‘ಬಿ’ ಏಪ್ರಿಲ್‌ನಿಂದ ಜೂನ್, ‘ಸಿ’ ಜುಲೈಯಿಂದ ಸೆಪ್ಟೆಂಬರ್, ‘ಡಿ’ ಉಳಿದ ಮೂರು ತಿಂಗಳು. ‘ಬಿ 30’ ಅಂತಿದ್ದರೆ 2030ರ ಜೂನ್ ಒಳಗೆ ಪರೀಕ್ಷೆ ಆಗಬೇಕು. ಗಡುವು ದಾಟಿದ್ದು ಬಂದರೆ ಬದಲಾಯಿಸಿ ಕೊಡಿ ಅನ್ನಿ. ಜಗಳ ಬೇಕಾಗಿಲ್ಲ.

ಜೋಡಿಸುವಾಗ ಸ್ಟೌನ ಎಲ್ಲ ನಾಬ್ ಮುಚ್ಚಿರಬೇಕು. ಹತ್ತಿರ ಯಾವ ಉರಿಯೂ ಇರಬಾರದು. ದೇವರ ಮನೆ ಅಡುಗೆಮನೆಗೆ ತಾಗಿದ್ದರೆ ದೀಪ ಶಾಂತ ಮಾಡಿ ಆಮೇಲೆ ಸಿಲಿಂಡರ್ ಬದಲಾಯಿಸಿ. ದೇವರು ತಪ್ಪು ತಿಳಿಯುವುದಿಲ್ಲ. ರೆಗ್ಯುಲೇಟರ್ ಕೂತಾಗ ‘ಕ್ಲಿಕ್’ ಅನ್ನಬೇಕು. ಕೂರದಿದ್ದರೆ ಕುಟ್ಟಾಣಿಯಿಂದ ಬಡಿಯುವವರನ್ನು ನೋಡಿದ್ದೇನೆ. ಸಿಲಿಂಡರ್ ಒಳಗೆ ಐದಾರು ಪಟ್ಟು ವಾತಾವರಣದ ಒತ್ತಡ ಇರುತ್ತದೆ. ಅದನ್ನು ಒಂದು ಚದರ ಸೆಂಟಿಮೀಟರಿಗೆ 30 ಗ್ರಾಂಗೆ ಇಳಿಸಿ ಸ್ಟೌಗೆ ಕೊಡುವುದು ಈ ಅಂಗೈಯಷ್ಟು ಯಂತ್ರ. ಅದನ್ನು ಬಡಿಯುತ್ತೀರಾ? ಒಂದು ರೆಗ್ಯುಲೇಟರಿನಿಂದ ‘T’ ಆಕಾರದ ಜೋಡಣೆ ಹಾಕಿ ಎರಡು ಸ್ಟೌಗೆ ಕವಲು ತೆಗೆಯುವುದೂ ಬೇಡ.

ಪೈಪಿನ ವಿಷಯದಲ್ಲಿ ನನಗೆ ಸ್ವಲ್ಪ ಸಿಟ್ಟೇ ಇದೆ. ಹತ್ತಾರು ಸಾವಿರದ ಸ್ಟೌ ತರುತ್ತಾರೆ, ಅದಕ್ಕೆ ಗಡಸಾದ ಹಳೆಯ ಪೈಪು ಸಿಕ್ಕಿಸುತ್ತಾರೆ. ಒಳಗೆ ಉಕ್ಕಿನ ತಂತಿ ಹೆಣೆದ, ಐಎಸ್‌ಐ ಗುರುತಿನ ಕಿತ್ತಳೆ ಬಣ್ಣದ ಸುರಕ್ಷಾ ಪೈಪು ಏಜೆನ್ಸಿಯಲ್ಲೇ ಸಿಗುತ್ತದೆ. ಅದಕ್ಕೂ ಐದು ವರ್ಷ ಆಯಸ್ಸು. ವರ್ಷ ಪೈಪಿನ ಮೇಲೇ ಅಚ್ಚಾಗಿರುತ್ತದೆ. ಒಂದೂವರೆ ಮೀಟರ್‌ಗಿಂತ ಉದ್ದ ಬೇಡ, ಸ್ಟೌನ ಹಿಂದೆ ಬಿಸಿ ತಾಗುವ ಕಡೆ ಹಾಯಿಸಬೇಡಿ. ಜಿಡ್ಡು ಹಿಡಿಯುತ್ತದೆ ಅಂತ ಬಟ್ಟೆ ಸುತ್ತಬೇಡಿ, ಪ್ಲಾಸ್ಟಿಕ್ ಕವರ್ ಹಾಕಬೇಡಿ. ಒಳಗೆ ಇಲಿ ಕಚ್ಚಿದ್ದು ಹೊರಗೆ ಕಾಣುವುದಿಲ್ಲ. ಇಲಿಗೆ ಈ ಪೈಪಿನ ಮೇಲೆ ಯಾಕಷ್ಟು ಪ್ರೀತಿಯೋ. ತಿಂಗಳಿಗೊಮ್ಮೆ ಸೋಪಿನ ನೀರನ್ನು ಎರಡೂ ತುದಿಗೆ ಹಚ್ಚಿ ನೋಡಿ. ಸೋರಿಕೆ ಹುಡುಕಲು ಬೆಂಕಿಕಡ್ಡಿ ಗೀರುವ ಪದ್ಧತಿ ಇನ್ನೂ ಇದೆ ಅಂದರೆ ನೀವು ನಂಬುವುದಿಲ್ಲ, ಇದೆ.

ರಾತ್ರಿ ಮಲಗುವ ಮುಂಚೆ ರೆಗ್ಯುಲೇಟರ್ ಮುಚ್ಚಿ. ‘ಸ್ಟೌ ಆಫ್ ಮಾಡಿದ್ದೇನಲ್ಲ’ ಅಂದರೆ ಸಾಲದು. ರೆಗ್ಯುಲೇಟರ್ ಮುಚ್ಚಿದರೆ ಪೈಪು ಹರಿದರೂ, ನಾಬ್ ಸಡಿಲವಾದರೂ, ಮಗು ತಿರುಗಿಸಿದರೂ ಗ್ಯಾಸ್ ಬರುವುದಿಲ್ಲ. ಊರಿಗೆ ಹೋಗುವಾಗ ರೆಗ್ಯುಲೇಟರ್ ತೆಗೆದು ಕ್ಯಾಪ್ ಹಾಕಿಯೇ ಹೊರಡಿ.

ಇಲ್ಲಿಗೆ ಸೋರಿಕೆಯ ಕಥೆ ಒಂದು ಹಂತಕ್ಕೆ ಬಂತು. ಇನ್ನೊಂದು ಕಥೆಯಲ್ಲಿ ಸೋರಿಕೆಯೇ ಇಲ್ಲ, ವಾಸನೆ ಇಲ್ಲ, ಸದ್ದೂ ಇಲ್ಲ. ಅದು ಗ್ಯಾಸ್ ಗೀಸರ್.

ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ, ಪಿಜಿಗಳಲ್ಲಿ ಬಚ್ಚಲುಮನೆಯೊಳಗೇ ಗ್ಯಾಸ್ ಗೀಸರ್ ತಗುಲಿಸಿರುತ್ತಾರೆ. ಸ್ನಾನಕ್ಕೆ ಹೋದವರು ಹೊರಗೆ ಬರಲೇ ಇಲ್ಲ ಅನ್ನುವ ಸುದ್ದಿ ಎಷ್ಟು ಸಲ ಓದಿದ್ದೇವೆ? ಯಾಕೆ ಹೀಗಾಗುತ್ತದೆ ಅಂತ ಅರ್ಥ ಮಾಡಿಕೊಳ್ಳೋಣ. ನಿಮಿಷಕ್ಕೆ 6 ಲೀಟರ್ ಬಿಸಿನೀರು ಕೊಡುವ ಗೀಸರ್ ಅಂದರೆ ನಾಲ್ಕೈದು ದೊಡ್ಡ ಬರ್ನರ್‌ಗಳನ್ನು ಒಟ್ಟಿಗೆ ಉರಿಸಿದಷ್ಟು ಬೆಂಕಿ. ಇಪ್ಪತ್ತು ನಿಮಿಷ ಉರಿದರೆ ಸುಮಾರು 300 ಗ್ರಾಂ ಗ್ಯಾಸ್ ಖರ್ಚಾಗುತ್ತದೆ. ಅಷ್ಟು ಗ್ಯಾಸ್ ಪೂರ್ತಿ ಉರಿಯಲು ಸುಮಾರು 4 ಘನ ಮೀಟರ್ ಗಾಳಿ ಬೇಕು. 4 ಅಡಿ ಅಗಲ, 6 ಅಡಿ ಉದ್ದ, 8 ಅಡಿ ಎತ್ತರದ ಬಚ್ಚಲುಮನೆಯಲ್ಲಿ ಇರುವುದೇ ಐದೂವರೆ ಘನ ಮೀಟರ್. ಅದರಲ್ಲಿ ನೀವೂ ಉಸಿರಾಡಬೇಕು, ಗೀಸರೂ ಉಸಿರಾಡಬೇಕು. ಬಾಗಿಲು ಮುಚ್ಚಿದೆ. ಚಳಿ ಅಂತ ಕಿಟಕಿಯನ್ನೂ ಮುಚ್ಚಿದ್ದೀರಿ. ಎಕ್ಸಾಸ್ಟ್ ತೂತಿಗೆ ಪಾರಿವಾಳ ಬರುತ್ತದೆ ಅಂತ ರಟ್ಟು ಹೊಡೆದಿದ್ದೀರಿ.

ಗಾಳಿ ಪೂರ್ತಿ ಮುಗಿಯುವ ತನಕ ಕಾಯಬೇಕಾಗಿಲ್ಲ. ಆಮ್ಲಜನಕ ಸ್ವಲ್ಪ ಕಡಿಮೆಯಾದರೂ ಉರಿ ಅರೆಬರೆ ಆಗುತ್ತದೆ. ಆಗ ಹುಟ್ಟುವುದು ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಗ್ಯಾಸಿಗೆ ಸೇರಿಸಿದ ಆ ಕೆಟ್ಟ ವಾಸನೆಯೂ ಇಲ್ಲಿ ಕಾಪಾಡುವುದಿಲ್ಲ, ಉರಿಯಲ್ಲಿ ಅದೂ ಸುಟ್ಟುಹೋಗಿರುತ್ತದೆ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಈ ವಿಷ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆ ಭಾರ. ಬಿಸಿನೀರಿಗೆ ಹಾಗಾಗಿರಬೇಕು ಅಂದುಕೊಳ್ಳುತ್ತೇವೆ. ಆಮೇಲೆ ಕಾಲಲ್ಲಿ ಬಲ ಇರುವುದಿಲ್ಲ. ಚಿಲಕ ಕೈಗೆಟುಕುವ ದೂರದಲ್ಲಿದ್ದರೂ ತೆಗೆಯಲು ಆಗುವುದಿಲ್ಲ.

ಆದ್ದರಿಂದ ಗ್ಯಾಸ್ ಗೀಸರ್ ಬಚ್ಚಲುಮನೆಯ ಒಳಗೆ ಬೇಡವೇ ಬೇಡ. ಹೊರಗೆ, ಯುಟಿಲಿಟಿಯಲ್ಲಿ, ಬಯಲು ಗಾಳಿಯಲ್ಲಿ ಹಾಕಿಸಿ, ನೀರಿನ ಪೈಪು ಮಾತ್ರ ಒಳಗೆ ಬರಲಿ. ಬಾಡಿಗೆದಾರರೇ, ಮನೆ ನೋಡಲು ಹೋದಾಗ ಗೀಸರ್ ಎಲ್ಲಿದೆ ಅಂತ ನೋಡಿ. ಮಾಲೀಕರೇ, ಖರ್ಚು ಮಾಡಿ ಅದನ್ನು ಹೊರಗೆ ಹಾಕಿಸಿ. ಹೊರಗೆ ಹಾಕಿಸುವ ತನಕ ಏನು ಮಾಡಲಿ ಅಂತ ಒಬ್ಬರು ಕೇಳುತ್ತಿದ್ದಾರೆ. ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಬಾಗಿಲು ತೆಗೆದು ಗಾಳಿ ಆಡಿಸಿ, ಆಮೇಲೆ ಒಳಗೆ ಹೋಗಿ ಸ್ನಾನ ಮಾಡಿ. ನಮ್ಮ ಅಜ್ಜಿಯರು ಹಂಡೆ ಒಲೆಯ ಬಚ್ಚಲುಮನೆಗೆ ಮಾಡಿನಲ್ಲೊಂದು ಹೊಗೆಗಿಂಡಿ ಬಿಡಿಸುತ್ತಿದ್ದರಲ್ಲ, ಅವರಿಗೆ ರಸಾಯನಶಾಸ್ತ್ರ ಬರುತ್ತಿರಲಿಲ್ಲ, ಕಣ್ಣು ಉರಿಯುತ್ತಿತ್ತು. ಗ್ಯಾಸ್ ಕಣ್ಣು ಉರಿಸುವುದಿಲ್ಲ, ಹಾಗಾಗಿ ನಾವು ಕಿಂಡಿ ಮುಚ್ಚಿದೆವು. ಅಡುಗೆಮನೆಯಲ್ಲೂ ಉರಿಯ ಬಣ್ಣ ನೋಡುವ ಅಭ್ಯಾಸ ಇರಲಿ. ನೀಲಿ ಇರಬೇಕು. ಹಳದಿ ನಾಲಿಗೆ ಎದ್ದು ಪಾತ್ರೆ ತಳ ಮಸಿಯಾಗುತ್ತಿದ್ದರೆ ಬರ್ನರ್ ಕಟ್ಟಿಕೊಂಡಿದೆ, ಸರಿಯಾಗಿ ಉರಿಯುತ್ತಿಲ್ಲ ಅಂತ ಅರ್ಥ.

ಈಗ ವಾಸನೆ ಬಂತು ಅಂತ ಇಟ್ಟುಕೊಳ್ಳಿ. ಹೊರಗಿನಿಂದ ರಾತ್ರಿ ಮನೆಗೆ ಬಂದಿದ್ದೀರಿ. ಬಾಗಿಲು ತೆಗೆದ ಕೂಡಲೇ ಗ್ಯಾಸಿನ ವಾಸನೆ. ಕೈ ತಾನಾಗೇ ಎಲ್ಲಿಗೆ ಹೋಗುತ್ತದೆ? ಲೈಟಿನ ಸ್ವಿಚ್‌ಗೆ. ಅದೊಂದು ಕೈಯನ್ನು ತಡೆಯಬೇಕು. ಸ್ವಿಚ್ ಹಾಕುವಾಗಲೂ ಕಿಡಿ, ಆರಿಸುವಾಗಲೂ ಕಿಡಿ. ಉರಿಯುತ್ತಿರುವ ಲೈಟ್ ಉರಿಯುತ್ತಿರಲಿ, ಆರಿದ್ದು ಆರಿರಲಿ. ಎಕ್ಸಾಸ್ಟ್ ಫ್ಯಾನ್ ಹಾಕಿ ಗ್ಯಾಸ್ ಹೊರಗೆ ಕಳಿಸೋಣ ಅನ್ನುವುದು ಎಲ್ಲಕ್ಕಿಂತ ಅಪಾಯದ ಜಾಣತನ. ಬಾಗಿಲು ಕಿಟಕಿ ತೆಗೆಯಿರಿ. ರೆಗ್ಯುಲೇಟರ್ ಮುಚ್ಚಿ, ತೆಗೆದು, ಕ್ಯಾಪ್ ಹಾಕಿ. ವಾಸನೆ ತಡೆಯಲಾರದಷ್ಟಿದ್ದರೆ ಅದನ್ನೂ ಮಾಡಬೇಡಿ, ಮನೆಯವರನ್ನೆಲ್ಲ ಕರೆದುಕೊಂಡು ಹೊರಗೆ ಬನ್ನಿ. ಫೋನ್ ಹೊರಗೆ ಬಂದಮೇಲೆ. 1906 ಗ್ಯಾಸ್ ಸೋರಿಕೆಗೆ ಅಂತಲೇ ಇರುವ ನಂಬರು, ದಿನದ 24 ಗಂಟೆಯೂ ಇರುತ್ತದೆ. ಬೆಂಕಿ ಹತ್ತಿದ್ದರೆ 101 ಅಥವಾ 112.

ಫ್ರಿಜ್ ಏನು ಮಾಡುವುದು ಅನ್ನುವುದು ಒಳ್ಳೆಯ ಪ್ರಶ್ನೆ. ಅದು ತನ್ನಷ್ಟಕ್ಕೆ ತಾನೇ ಆನ್ ಆಗುತ್ತದೆ, ಆಫ್ ಆಗುತ್ತದೆ, ಒಳಗೆ ಕಿಡಿ ಏಳಬಹುದು. ಅದರ ಯಂತ್ರ ಇರುವುದೂ ಕೆಳಗೆ, ಹಿಂಭಾಗದಲ್ಲಿ, ಗ್ಯಾಸು ನಿಲ್ಲುವ ಕಡೆಯೇ. ಆದರೆ ಪ್ಲಗ್ ಕೀಳಲು ಹೋಗಬೇಡಿ. ಮೀಟರ್ ಬೋರ್ಡ್ ಮನೆಯ ಹೊರಗಿದ್ದರೆ ಅಲ್ಲಿಂದ ಮೇನ್ ಆಫ್ ಮಾಡಿಸಿ. ನಿಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್‌ಗೆ ಯಾವ ಮನೆಗೆ ಯಾವ ಮೇನ್ ಅಂತ ಗೊತ್ತಿದೆಯಾ? ನಾಳೆ ಬೆಳಿಗ್ಗೆ ಕೇಳಿ. ಗ್ಯಾಸ್ ಡಿಟೆಕ್ಟರ್ ಹಾಕಿಸುವುದಾದರೆ ನೆಲದಿಂದ ಒಂದಡಿಯೊಳಗೆ ಹಾಕಿಸಿ. ತುಂಬ ಹೊತ್ತು ಅದೇ ವಾಸನೆಯಲ್ಲಿದ್ದರೆ ಮೂಗು ಅದನ್ನು ಗುರುತಿಸುವುದನ್ನೇ ಬಿಡುತ್ತದೆ. ನೆಗಡಿ ಇದ್ದವರಿಗಂತೂ ಗೊತ್ತೇ ಆಗುವುದಿಲ್ಲ. ಕೊಳವೆ ಗ್ಯಾಸಿಗೆ ಬದಲಾಗುತ್ತಿರುವ ಮನೆಯವರು ಒಂದು ಗಮನಿಸಿ. ಅದು ಮೀಥೇನ್, ಗಾಳಿಗಿಂತ ಹಗುರ, ಮೇಲಕ್ಕೆ ಏರುತ್ತದೆ. ಅದಕ್ಕೆ ಡಿಟೆಕ್ಟರ್ ಸೂರಿನ ಹತ್ತಿರ ಇರಬೇಕು. ಹಳೆಯದನ್ನು ಅದೇ ಜಾಗದಲ್ಲಿ ಬಿಟ್ಟರೆ ಪ್ರಯೋಜನ ಇಲ್ಲ.

ರೆಗ್ಯುಲೇಟರ್ ಹತ್ತಿರ ಬೆಂಕಿ ಹತ್ತಿದರೆ? ಅಗ್ನಿಶಾಮಕ ದಳದವರು ಶಾಲೆಗಳಲ್ಲಿ, ಆಫೀಸುಗಳಲ್ಲಿ ತೋರಿಸುವುದನ್ನು ನೋಡಿದ್ದೀರಿ: ಒದ್ದೆ ಗೋಣಿಚೀಲ ಹೊದೆಸಿ ಉರಿ ಆರಿಸಿ ನಾಬ್ ಮುಚ್ಚುತ್ತಾರೆ. ನೀವೂ ಮಾಡಬಹುದು. ಆದರೆ ಬೆಂಕಿ ಸಣ್ಣದಿರಬೇಕು, ನಿಮ್ಮ ಬೆನ್ನ ಹಿಂದೆ ಬಾಗಿಲಿರಬೇಕು, ಉರಿ ಆರಿದ ಕೂಡಲೇ ಗ್ಯಾಸ್ ಮುಚ್ಚಲು ಆಗಬೇಕು. ಗ್ಯಾಸ್ ಮುಚ್ಚಲು ಆಗದಿದ್ದರೆ ಉರಿ ಆರಿಸಿ ಉಪಯೋಗ ಇಲ್ಲ. ಉರಿಯುವ ಗ್ಯಾಸು ಕಣ್ಣಿಗೆ ಕಾಣುತ್ತದೆ, ಆರಿದ ಗ್ಯಾಸು ಕೋಣೆ ತುಂಬುತ್ತದೆ. ಸಿಲಿಂಡರೇ ಬೆಂಕಿಯ ನಡುವೆ ಸಿಕ್ಕಿದೆ ಅಂದರೆ ಓಡಿ. ಮೈ ಸುಟ್ಟವರಿಗೆ ಹರಿಯುವ ತಣ್ಣೀರು, ಇಪ್ಪತ್ತು ನಿಮಿಷ. ಟೂತ್‌ಪೇಸ್ಟ್ ಬೇಡ, ಐಸ್ ಬೇಡ, ಅಂಟಿಕೊಂಡ ಬಟ್ಟೆ ಕೀಳಬೇಡಿ.

ಇನ್ನು ಉಳಿದ ಚಿಲ್ಲರೆ ಪ್ರಶ್ನೆಗಳು. ಗ್ಯಾಸು ಮುಗಿಯುವಾಗ ಸಿಲಿಂಡರ್ ಮಲಗಿಸಿ ಅಡುಗೆ ಮುಗಿಸುವುದು ನಡೆಯುತ್ತದಾ? ನಡೆಯುವುದಿಲ್ಲ. ಮಲಗಿಸಿದರೆ ಅನಿಲದ ಬದಲು ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತದೆ. 250 ಪಟ್ಟು ಅಂದೆನಲ್ಲ, ಅದು ಪೈಪಿನಲ್ಲಿ, ಬರ್ನರ್ ಬಾಯಲ್ಲಿ ಹಿಗ್ಗುತ್ತದೆ. ಬಿಸಿನೀರಿನಲ್ಲಿ ಇಡುವುದೂ ಬೇಡ. ಎಷ್ಟು ಉಳಿದಿದೆ ಅಂತ ತಿಳಿಯಬೇಕಾದರೆ ಒದ್ದೆ ಬಟ್ಟೆಯಿಂದ ಸಿಲಿಂಡರ್ ಒರೆಸಿ ನೋಡಿ. ದ್ರವ ಇರುವ ಎತ್ತರದವರೆಗೆ ಒದ್ದೆ ನಿಧಾನವಾಗಿ ಆರುತ್ತದೆ, ಮೇಲೆ ಬೇಗ ಆರುತ್ತದೆ.

ಓದಲು ಬಂದ ಮಕ್ಕಳು ಅಂಗಡಿಯಲ್ಲಿ ತುಂಬಿಸಿಕೊಳ್ಳುವ ಎರಡು ಮೂರು ಕೆಜಿಯ ಸಿಲಿಂಡರ್ ಬಗ್ಗೆ ಆ ಅಮ್ಮ ಕೇಳಿದರು. ದೊಡ್ಡ ಸಿಲಿಂಡರಿನಿಂದ ಸಣ್ಣದಕ್ಕೆ ಕದ್ದು ತುಂಬಿಸುವ ಕೆಲಸ ಅದು, ಕಾನೂನಿಗೆ ವಿರುದ್ಧ. ಸಿಲಿಂಡರಿನಲ್ಲಿ ದ್ರವ ಹಿಗ್ಗಲು ಸ್ವಲ್ಪ ಜಾಗ ಬಿಟ್ಟು ತುಂಬಬೇಕು. ಅಂಗಡಿಯವನು ಅಂದಾಜಿನಲ್ಲಿ ಕಂಠಪೂರ್ತಿ ತುಂಬಿದ್ದು ಬಿಸಿಲಿಗೆ ಏನಾಗುತ್ತದೆ ಅಂತ ಯಾರು ಹೇಳಬಲ್ಲರು? ಆ ಮಕ್ಕಳಿಗೆ ಕಂಪನಿಗಳೇ 5 ಕೆಜಿಯ ಸಿಲಿಂಡರ್ ಮಾರುತ್ತವೆ. ಏಜೆನ್ಸಿಯಲ್ಲಿ, ಕೆಲವು ಪೆಟ್ರೋಲ್ ಬಂಕ್‌ಗಳಲ್ಲಿ ಸಿಗುತ್ತದೆ. ಈ ಊರಿನ ವಿಳಾಸದ ದಾಖಲೆ ಬೇಕಾಗಿಲ್ಲ, ಗುರುತಿನ ಚೀಟಿ ಸಾಕು.

ಕೊನೆಗೆ ಇನ್ಶೂರೆನ್ಸ್. ತೈಲ ಕಂಪನಿಗಳು ತಮ್ಮ ಗ್ರಾಹಕರ ಪರವಾಗಿ ವಿಮೆ ಮಾಡಿಸಿರುತ್ತವೆ, ನೀವು ಬೇರೆ ಕಂತು ಕಟ್ಟಬೇಕಾಗಿಲ್ಲ. ಆದರೆ ಕನೆಕ್ಷನ್ ನೋಂದಾಯಿಸಿದ ವಿಳಾಸದಲ್ಲೇ ಇರಬೇಕು. ಪೈಪು, ಸ್ಟೌ ಐಎಸ್‌ಐ ಗುರುತಿನದ್ದಾಗಿರಬೇಕು. ಐದು ವರ್ಷಕ್ಕೊಮ್ಮೆ ಮಾಡಿಸಬೇಕಾದ ತಪಾಸಣೆಯ ಚೀಟಿ ಹತ್ತಿರ ಇರಬೇಕು. ಮನೆ ಬದಲಾಯಿಸಿ ಮೂರು ವರ್ಷವಾದರೂ ಹಳೆಯ ವಿಳಾಸದಲ್ಲೇ ಬುಕ್ ಮಾಡಿ, ಡೆಲಿವರಿ ಹುಡುಗನಿಗೆ ಹೇಳಿ ಹೊಸ ಮನೆಗೆ ತರಿಸಿಕೊಳ್ಳುವವರು ಇಲ್ಲಿ ಎಷ್ಟು ಜನ ಇದ್ದೀರಿ? ತೀರಿಹೋದ ಅಪ್ಪನ ಹೆಸರಿನಲ್ಲೇ ಕನೆಕ್ಷನ್ ಇಟ್ಟುಕೊಂಡವರು? ಅಪಘಾತ ಆದರೆ ತಕ್ಷಣ ಏಜೆನ್ಸಿಗೆ ಬರವಣಿಗೆಯಲ್ಲಿ ತಿಳಿಸಬೇಕು, ಆಗ ಅವರು ನೋಡುವುದು ಈ ಹೆಸರು, ಈ ವಿಳಾಸ. ಆಧಾರ್ ತೆಗೆದುಕೊಂಡು ಹೋಗಿ ಈ ವಾರವೇ ಬದಲಾಯಿಸಿ. ಅಪ್ಪನ ಹೆಸರಿನಲ್ಲಿದ್ದರೆ ಮರಣ ಪ್ರಮಾಣಪತ್ರವನ್ನೂ ಒಯ್ಯಿರಿ.